ಹೆಸರು ಒಂದೇ ಆಂಡ್ರಾಯ್ಡ್, ಬಾಳಿಕೆ ಬೇರೆ ಬೇರೆ

8 ಸಾವಿರ ರೂಪಾಯಿಯ ಫೋನಿನಲ್ಲೂ ಆಂಡ್ರಾಯ್ಡ್ ಇದೆ, 80 ಸಾವಿರದ ಫೋನಿನಲ್ಲೂ ಆಂಡ್ರಾಯ್ಡ್ ಇದೆ. ಅಂಗಡಿಯ ಗಾಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಾಡಿಸಿದರೆ ಪ್ಲೇ ಸ್ಟೋರ್ ಅದೇ, ವಾಟ್ಸ್ಆ್ಯಪ್ ಅದೇ, ಯೂಟ್ಯೂಬ್ ಅದೇ. ಹಾಗಾದರೆ 72 ಸಾವಿರ ಜಾಸ್ತಿ ಕೊಡುವುದು ಯಾತಕ್ಕೆ ಎಂದು ಕೇಳಿದರೆ ಕ್ಯಾಮೆರಾಕ್ಕೆ, ಪ್ರೊಸೆಸರಿಗೆ ಎಂಬ ಉತ್ತರ ಬರುತ್ತದೆ. ಅದು ಅರ್ಧ ಉತ್ತರ. ಉಳಿದರ್ಧ ಕೊಂಡ ದಿನ ಕಣ್ಣಿಗೆ ಬೀಳುವುದಿಲ್ಲ. ಒಂದೂವರೆ, ಎರಡು ವರ್ಷ ಕಳೆದು, ಫೋನ್ ಪದೇ ಪದೇ ಹ್ಯಾಂಗ್ ಆಗಲು ಶುರುವಾದಾಗ, ಅಪ್‌ಡೇಟ್ ಬರುವುದು ನಿಂತಾಗ ಗೊತ್ತಾಗುತ್ತದೆ.

ಆದ್ದರಿಂದ ಆಂಡ್ರಾಯ್ಡೋ ಐಫೋನೋ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಜೇಬಿನಲ್ಲಿರುವ ದುಡ್ಡಿಗೆ ಸಿಗುವ ಈ ಫೋನಿನಲ್ಲಿ ಈ ಆಪರೇಟಿಂಗ್ ಸಿಸ್ಟಂ (ಓಎಸ್) ಎಷ್ಟು ವರ್ಷ ಸುರಕ್ಷಿತವಾಗಿ, ತಾಳ್ಮೆಗೆಡಿಸದೆ ನಡೆಯುತ್ತದೆ ಎಂಬುದನ್ನು ಮೊದಲು ಕೇಳಬೇಕು. ಸಾಲ ಮಾಡಿ, ಕಂತು ಕಟ್ಟಿ ಫೋನ್ ಕೊಳ್ಳುವವರಿಗಂತೂ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಕಂತು ಮುಗಿಯುವ ಮೊದಲೇ ಫೋನ್ ಮುಗಿಯಬಾರದು.

ರ್ಯಾಮ್ ಮತ್ತು ಸ್ಟೋರೇಜ್

ಅಗ್ಗದ ಫೋನ್ ನಿಧಾನವಾಗುವುದಕ್ಕೆ ಪ್ರೊಸೆಸರ್ ಒಂದನ್ನೇ ದೂರುವುದು ರೂಢಿ. ಆದರೆ ದಿನಬಳಕೆಯಲ್ಲಿ ಕೈಕಟ್ಟುವುದು ಹೆಚ್ಚಾಗಿ ರ್ಯಾಮ್ ಮತ್ತು ಸ್ಟೋರೇಜ್. ರ್ಯಾಮ್ ಅಡುಗೆಮನೆಯ ಕಟ್ಟೆಯಿದ್ದಂತೆ, ಸ್ಟೋರೇಜ್ ಅಟ್ಟವಿದ್ದಂತೆ. ಕಟ್ಟೆ ಚಿಕ್ಕದಾದರೆ ಒಂದು ಪಾತ್ರೆ ಇಡಲು ಇನ್ನೊಂದನ್ನು ಎತ್ತಲೇಬೇಕು. ಆಂಡ್ರಾಯ್ಡ್ ಮಾಡುವುದೂ ಅದನ್ನೇ. ಜಾಗ ಸಾಲದಾದಾಗ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಬ್ಯಾಂಕ್ ಆ್ಯಪ್ ತೆರೆದು, ಒಟಿಪಿ ನೋಡಲು ಮೆಸೇಜಿಗೆ ಹೋಗಿ ಮರಳುವಷ್ಟರಲ್ಲಿ ಬ್ಯಾಂಕ್ ಆ್ಯಪ್ ಮೊದಲಿಂದ ಶುರುವಾಗಿರುತ್ತದಲ್ಲ, ಅದರ ಕಾರಣ ಬಹುಪಾಲು ಇದೇ. ನೆಟ್‌ವರ್ಕಿನ ತಪ್ಪಲ್ಲ, ಬ್ಯಾಂಕಿನ ತಪ್ಪೂ ಅಲ್ಲ.

ಈಗ ಡಬ್ಬಿಗಳ ಮೇಲೆ ‘8 ಜಿಬಿ + 8 ಜಿಬಿ ರ್ಯಾಮ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಎರಡನೆಯ 8 ನಿಜವಾದ ರ್ಯಾಮ್ ಅಲ್ಲ. ಸ್ಟೋರೇಜಿನ ಒಂದು ಪಾಲನ್ನು ರ್ಯಾಮ್‌ನಂತೆ ಬಳಸುವ ವ್ಯವಸ್ಥೆ ಅದು. ಕಟ್ಟೆ ಚಿಕ್ಕದು ಎಂದು ಅಟ್ಟದಲ್ಲಿ ತರಕಾರಿ ಹೆಚ್ಚಲು ಹೋದಂತೆ. ಸ್ಟೋರೇಜ್ ರ್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ‘+’ ಗುರುತಿನ ಎಡಗಡೆ ಇರುವ ಅಂಕಿಯನ್ನು ಮಾತ್ರ. ಇವತ್ತು ಹೊಸ ಆಂಡ್ರಾಯ್ಡ್ ಫೋನ್ ಕೊಳ್ಳುವವರಿಗೆ 4 ಜಿಬಿ ಎಂದರೆ ತೀರ ಕನಿಷ್ಠ, 6 ಜಿಬಿ ಇದ್ದರೆ ನೆಮ್ಮದಿ, 8 ಜಿಬಿ ಇದ್ದರೆ ನಾಲ್ಕೈದು ವರ್ಷಕ್ಕೆ ಧೈರ್ಯ.

ಸ್ಟೋರೇಜಿನ ಗುಟ್ಟು ಇದಕ್ಕಿಂತ ಆಳವಾದದ್ದು. ಎಷ್ಟು ಜಿಬಿ ಎಂದು ಎಲ್ಲರೂ ಕೇಳುತ್ತಾರೆ, ಯಾವ ಬಗೆಯದು ಎಂದು ಕೇಳುವವರು ಕಡಿಮೆ. ಅಗ್ಗದ ಫೋನುಗಳಲ್ಲಿ ಇಎಂಎಂಸಿ ಎಂಬ ಹಳೆಯ ಬಗೆ ಇರುತ್ತದೆ. ಅದರ 5.1 ಆವೃತ್ತಿ ಸೆಕೆಂಡಿಗೆ ಸುಮಾರು 250ರಿಂದ 300 ಎಂಬಿ ಓದಬಲ್ಲದು. ಯುಎಫ್ಎಸ್ ಎಂಬ ಹೊಸ ಬಗೆಯ 2.2 ಆವೃತ್ತಿ ಇರುವ ಮಧ್ಯಮ ಬೆಲೆಯ ಫೋನ್ ಸೆಕೆಂಡಿಗೆ 1,000 ಎಂಬಿಯ ಹತ್ತಿರ ಬರುತ್ತದೆ. ದುಬಾರಿ ಫೋನಿನ ಯುಎಫ್ಎಸ್ 4.0 ಸೆಕೆಂಡಿಗೆ 4,000 ಎಂಬಿ ದಾಟುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿ: ಇಎಂಎಂಸಿ ಒಂದು ಹೊತ್ತಿಗೆ ಓದುವುದು ಇಲ್ಲವೇ ಬರೆಯುವುದು, ಯಾವುದಾದರೂ ಒಂದನ್ನೇ ಮಾಡುತ್ತದೆ. ಯುಎಫ್ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಪ್ಲೇ ಸ್ಟೋರ್ ಹಿನ್ನೆಲೆಯಲ್ಲಿ ನಾಲ್ಕು ಆ್ಯಪ್ ಅಪ್‌ಡೇಟ್ ಮಾಡುತ್ತಿರುವಾಗ ಅಗ್ಗದ ಫೋನ್ ಕಲ್ಲಿನಂತೆ ಕೂತುಬಿಡುವುದು, ದುಬಾರಿ ಫೋನಿಗೆ ಅದರ ಸುಳಿವೇ ಇಲ್ಲದಿರುವುದು ಇದರಿಂದಲೇ.

‘64 ಜಿಬಿ’ ಎಂದು ಬರೆದ ಫೋನಿನಲ್ಲಿ ಓಎಸ್ ಮತ್ತು ಮೊದಲೇ ತುಂಬಿಸಿ ಕೊಟ್ಟ ಆ್ಯಪ್‌ಗಳೇ ದೊಡ್ಡ ಪಾಲು ನುಂಗಿರುತ್ತವೆ. ಉಳಿದ ಜಾಗ ನಮ್ಮ ಕುಟುಂಬದ, ಸಂಘದ, ಶಾಲೆಯ ವಾಟ್ಸ್ಆ್ಯಪ್ ಗುಂಪುಗಳ ಶುಭೋದಯದ ಚಿತ್ರಗಳಿಂದಲೇ ವರ್ಷದೊಳಗೆ ತುಂಬುತ್ತದೆ. ಸ್ಟೋರೇಜ್ ತುಂಬುತ್ತ ಬಂದಂತೆ ಹೊಸದನ್ನು ಬರೆಯುವ ವೇಗ ಕುಸಿಯುತ್ತದೆ. ಸ್ವಲ್ಪ ಹೆಚ್ಚು ಹಣ ಕೊಡಲು ಸಾಧ್ಯವಿದ್ದರೆ ಕ್ಯಾಮೆರಾದ ಮೆಗಾಪಿಕ್ಸೆಲ್ಲಿಗೆ ಕೊಡಬೇಡಿ. 128 ಜಿಬಿಗೆ, ಅದೂ ಯುಎಫ್ಎಸ್‌ಗೆ ಕೊಡಿ. ಡಬ್ಬಿಯ ಮೇಲೆ ಬರೆದಿರದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪೂರ್ಣ ವಿವರ ನೋಡಬೇಕು. ಅಲ್ಲಿಯೂ ಬಗೆಯ ಹೆಸರು ಇಲ್ಲದಿದ್ದರೆ ಅದು ಇಎಂಎಂಸಿ ಎಂದೇ ತಿಳಿದು ಮುಂದುವರಿಯುವುದು ಜಾಣತನ.

ಹಗುರ ಓಎಸ್‌ಗಳು ಬಂದವು, ಹೋದವು

ಕಡಿಮೆ ರ್ಯಾಮ್‌ನಲ್ಲಿ ಚೆನ್ನಾಗಿ ಓಡುವ ಓಎಸ್ ಬೇಕು ಎಂಬ ಹುಡುಕಾಟಕ್ಕೆ ನಮ್ಮ ದೇಶವೇ ದೊಡ್ಡ ಪ್ರಯೋಗಶಾಲೆ. 2013ರ ನೋಕಿಯಾ ಲೂಮಿಯಾ 520 ಬರೀ 512 ಎಂಬಿ ರ್ಯಾಮ್ ಇಟ್ಟುಕೊಂಡು ವಿಂಡೋಸ್ ಫೋನ್ ಓಎಸ್ಸನ್ನು ನೀರು ಹರಿದಷ್ಟು ಸಲೀಸಾಗಿ ಓಡಿಸುತ್ತಿತ್ತು. 2014ರ ಆಗಸ್ಟಿನಲ್ಲಿ ಇಂಟೆಕ್ಸ್ ಕ್ಲೌಡ್ ಎಫ್ಎಕ್ಸ್ 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ತಂದಿತು. ಅದರಲ್ಲಿದ್ದದ್ದು 128 ಎಂಬಿ ರ್ಯಾಮ್. 2015ರ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನದೇ ಟೈಜನ್ ಓಎಸ್ ಹಾಕಿ ಝಡ್1 ಎಂಬ ಫೋನನ್ನು 5,700 ರೂಪಾಯಿಗೆ ಇಲ್ಲಿ ಬಿಡುಗಡೆ ಮಾಡಿತು. 2017ರಲ್ಲಿ ಪ್ರಕಟವಾದ ಜಿಯೋಫೋನ್, ಫೈರ್‌ಫಾಕ್ಸ್ ಓಎಸ್‌ನ ಕವಲಾದ ಕಾಯ್ ಓಎಸ್ಸನ್ನು 1,500 ರೂಪಾಯಿ ಠೇವಣಿಗೆ ಹಳ್ಳಿಹಳ್ಳಿಗೆ ಮುಟ್ಟಿಸಿತು.

ತಾಂತ್ರಿಕವಾಗಿ ಇವುಗಳಲ್ಲಿ ಕೆಲವು ಆ ಬೆಲೆಯ ಆಂಡ್ರಾಯ್ಡ್‌ಗಿಂತ ಉತ್ತಮವಾಗಿದ್ದವು. ಆದರೂ ನಿಲ್ಲಲಿಲ್ಲ. ಜನರಿಗೆ ಬೇಕಾದ ಆ್ಯಪ್ ಇಲ್ಲದ ಮೇಲೆ ಓಎಸ್ ಎಷ್ಟು ಹಗುರವಾಗಿದ್ದು ಏನು? ಜಿಯೋಫೋನಿಗೆ ವಾಟ್ಸ್ಆ್ಯಪ್ ಬಂದದ್ದು 2018ರಲ್ಲಿ. ವಿಂಡೋಸ್ ಫೋನಿನಲ್ಲಿ ವಾಟ್ಸ್ಆ್ಯಪ್ 2019ರ ಡಿಸೆಂಬರ್ 31ಕ್ಕೆ ನಿಂತಿತು. ಆ ದಿನದ ನಂತರ ಲೂಮಿಯಾದ ಗಟ್ಟಿಮುಟ್ಟು ಮೈ ಯಾರಿಗೂ ಪ್ರಯೋಜನಕ್ಕೆ ಬರಲಿಲ್ಲ. ಯಾರಾದರೂ ‘ಸ್ವದೇಶಿ ಓಎಸ್’, ‘ಹೊಸ ಹಗುರ ಓಎಸ್’ ಎಂದು ಫೋನ್ ಮಾರಲು ಬಂದರೆ ಮೊದಲು ನಿಮ್ಮ ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್, ವಾಟ್ಸ್ಆ್ಯಪ್ ಈ ಮೂರೂ ಅದರಲ್ಲಿ ಓಡುತ್ತವೆಯೇ ಎಂದು ಕಣ್ಣಾರೆ ನೋಡಿ ಮುಂದುವರಿಯಿರಿ.

ಗೂಗಲ್ ಈ ಪಾಠವನ್ನು ಬೇರೆ ರೀತಿ ಕಲಿಯಿತು. 2014ರ ಸೆಪ್ಟೆಂಬರಿನಲ್ಲಿ ‘ಆಂಡ್ರಾಯ್ಡ್ ಒನ್’ ಯೋಜನೆಯನ್ನು ಜಗತ್ತಿನಲ್ಲಿ ಮೊದಲು ಶುರುಮಾಡಿದ್ದು ಭಾರತದಲ್ಲಿ. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಮೂಲಕ, 6,399 ರೂಪಾಯಿಯಿಂದ, 1 ಜಿಬಿ ರ್ಯಾಮ್ ಇಟ್ಟು, ಅಪ್‌ಡೇಟನ್ನು ತಾನೇ ಕೊಡುವ ಭರವಸೆಯೊಡನೆ. ಒಳ್ಳೆಯ ಯೋಚನೆಯಾಗಿತ್ತು, ಬೇರೂರಲಿಲ್ಲ. ಅದಾದ ಮೇಲೆ 2017ರ ಕೊನೆಗೆ ಬಂದದ್ದು ‘ಆಂಡ್ರಾಯ್ಡ್ ಗೋ’. ಇದು ಬೇರೆ ಓಎಸ್ ಅಲ್ಲ, ಆಂಡ್ರಾಯ್ಡನ್ನೇ ಕಡಿಮೆ ರ್ಯಾಮ್‌ಗೆ ಹೊಂದಿಸಿದ ರೂಪ. ಮೊದಲು 1 ಜಿಬಿ ಮತ್ತು ಅದಕ್ಕೂ ಕಡಿಮೆ ರ್ಯಾಮ್‌ನ ಫೋನುಗಳಿಗೆಂದು ಹೊರಟದ್ದು, ಆಂಡ್ರಾಯ್ಡ್ 13ರ ಹೊತ್ತಿಗೆ ಕನಿಷ್ಠ 2 ಜಿಬಿ ಕೇಳತೊಡಗಿತು. 2021ರ ದೀಪಾವಳಿಗೆ 6,499 ರೂಪಾಯಿಗೆ ಬಂದ ಜಿಯೋಫೋನ್ ನೆಕ್ಸ್ಟ್‌ನಲ್ಲಿದ್ದ ‘ಪ್ರಗತಿ ಓಎಸ್’ ಕೂಡ ಇದೇ ತಳಹದಿಯದು.

ಗೋ ಫೋನ್ ಕೊಳ್ಳುವ ಮುನ್ನ ಅದರ ಮಿತಿ ತಿಳಿದಿರಲಿ. ಒಂದು ಆ್ಯಪ್ ಇನ್ನೊಂದರ ಮೇಲೆ ತೇಲುವ ಅನುಮತಿಯನ್ನು ಆಂಡ್ರಾಯ್ಡ್ 10ರಿಂದ ಈಚೆಗೆ ಗೋ ಫೋನುಗಳಲ್ಲಿ ತೆಗೆದುಹಾಕಲಾಗಿದೆ. ಕರೆ ಬಂದಾಗ ಪರದೆಯ ಮೇಲೆ ಚೌಕ ತೋರಿಸುವ ಆ್ಯಪ್‌ಗಳು ಅಲ್ಲಿ ತೊಡಕುತ್ತವೆ. ಪರದೆಯನ್ನು ಎರಡು ಭಾಗ ಮಾಡಿ ಎರಡು ಆ್ಯಪ್ ನೋಡುವುದೂ ಆಗದು. ಕರೆ, ವಾಟ್ಸ್ಆ್ಯಪ್, ಯುಪಿಐ, ಒಂದಿಷ್ಟು ಯೂಟ್ಯೂಬ್ ಇಷ್ಟೇ ಸಾಕೆನ್ನುವವರಿಗೆ ಗೋ ತಕ್ಕಮಟ್ಟಿಗೆ ಸರಿ. ಓದುವ ಮಕ್ಕಳಿಗೆ, ದುಡಿಮೆಗೆ ಫೋನನ್ನೇ ನೆಚ್ಚಿಕೊಂಡವರಿಗೆ ನಾನು ಅದನ್ನು ಸೂಚಿಸಲಾರೆ.

ಅಪ್‌ಡೇಟ್ ಎಂಬ ಆಯುಷ್ಯ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಅಪ್‌ಡೇಟ್‌ನಲ್ಲಿ ಎರಡು ಬಗೆ. ಒಂದು, ಆಂಡ್ರಾಯ್ಡ್ 14 ಇದ್ದದ್ದು 15 ಆಗುವುದು. ಇದರಿಂದ ಹೊಸ ಸೌಲಭ್ಯ ಬರುತ್ತದೆ. ಬಾರದಿದ್ದರೂ ಬದುಕು ನಡೆಯುತ್ತದೆ. ಇನ್ನೊಂದು ಭದ್ರತಾ ಅಪ್‌ಡೇಟ್, ಅಂದರೆ ಕಳ್ಳರು ನುಗ್ಗಬಹುದಾದ ಬಿರುಕುಗಳನ್ನು ಮುಚ್ಚುವುದು. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಬಯಲಾಯಿತು. ಒಂದು ವಿಡಿಯೋ ಸಂದೇಶ ಕಳಿಸಿದರೆ ಸಾಕು, ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದಿತ್ತು. ಅದೇ ವರ್ಷದ ಆಗಸ್ಟಿನಿಂದ ಗೂಗಲ್ ತಿಂಗಳು ತಿಂಗಳೂ ಭದ್ರತಾ ತೇಪೆಗಳನ್ನು ಬಿಡುಗಡೆ ಮಾಡತೊಡಗಿತು. ಆದರೆ ಗೂಗಲ್ ಬಿಡುಗಡೆ ಮಾಡಿದ್ದು ನಿಮ್ಮ ಫೋನಿಗೆ ಬಂದೇ ಬರುತ್ತದೆಂದಿಲ್ಲ. ತೇಪೆ ಮೊದಲು ಚಿಪ್ ತಯಾರಿಸಿದವರ ಕೈಗೆ ಹೋಗಬೇಕು, ಅಲ್ಲಿಂದ ಫೋನ್ ಕಂಪನಿಗೆ, ಅವರು ತಮ್ಮ ಬಣ್ಣ ಹಚ್ಚಿದ ಆಂಡ್ರಾಯ್ಡ್‌ಗೆ ಅದನ್ನು ಹೊಂದಿಸಿ, ಪರೀಕ್ಷಿಸಿ ನಮಗೆ ಕಳಿಸಬೇಕು. ಪ್ರತಿ ಮಾಡೆಲ್ಲಿಗೂ ಈ ಕೆಲಸಕ್ಕೆ ಎಂಜಿನಿಯರುಗಳು ಬೇಕು, ಸಂಬಳ ಬೇಕು. 8 ಸಾವಿರದ ಫೋನಿನಲ್ಲಿ ಉಳಿಯುವ ಲಾಭ ತೀರ ತೆಳು. ಹಾಗಾಗಿ ಅದರ ಕಂಪನಿ ಎರಡು ವರ್ಷದ ನಂತರ ಹಳೆಯ ಮಾಡೆಲ್ಲನ್ನು ಮರೆತು ಹೊಸದನ್ನು ಮಾರಲು ಹೊರಡುತ್ತದೆ.

ಪರಿಸ್ಥಿತಿ ಈಚೆಗೆ ಸುಧಾರಿಸಿದೆ, ಇದು ಸಂತೋಷದ ಸಂಗತಿ. 2017ರ ಆಂಡ್ರಾಯ್ಡ್ 8ರಲ್ಲಿ ಗೂಗಲ್, ಚಿಪ್‌ಗೆ ಸೇರಿದ ಭಾಗವನ್ನೂ ಓಎಸ್ ಭಾಗವನ್ನೂ ಬೇರ್ಪಡಿಸಿತು. 2019ರ ಆಂಡ್ರಾಯ್ಡ್ 10ರಿಂದ ಓಎಸ್‌ನ ಕೆಲವು ಮುಖ್ಯ ಭಾಗಗಳನ್ನು ಫೋನ್ ಕಂಪನಿಯನ್ನು ಕಾಯದೆ ಪ್ಲೇ ಮೂಲಕವೇ ಸರಿಪಡಿಸಲು ಶುರುಮಾಡಿತು. 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8 ಬಂದಾಗ 7 ವರ್ಷದ ಅಪ್‌ಡೇಟ್ ಭರವಸೆ ಕೊಟ್ಟಿತು. 2024ರ ಜನವರಿಯಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷ ಎಂದಿತು. ನನಗೆ ಇದಕ್ಕಿಂತ ದೊಡ್ಡ ಸುದ್ದಿ ಎನಿಸಿದ್ದು ಅದೇ ವರ್ಷ 20 ಸಾವಿರದೊಳಗಿನ ಬೆಲೆಗೆ ಬಂದ ಗ್ಯಾಲಕ್ಸಿ ಎ16 5ಜಿ. ಅದಕ್ಕೆ 6 ವರ್ಷದ ಭರವಸೆ ಇತ್ತು. ದೀರ್ಘಾಯುಷ್ಯ ಶ್ರೀಮಂತರ ಫೋನಿಗಷ್ಟೇ ಮೀಸಲು ಎಂಬ ಕಾಲ ಅಲ್ಲಿಗೆ ಸಡಿಲವಾಯಿತು.

ಈಗ ಒಂದು ಲೆಕ್ಕ ಹಾಕೋಣ. 12 ಸಾವಿರದ ಫೋನಿಗೆ 2 ವರ್ಷ ಭದ್ರತಾ ಅಪ್‌ಡೇಟ್ ಇದ್ದರೆ ವರ್ಷಕ್ಕೆ 6 ಸಾವಿರ ಬಿದ್ದಂತಾಯಿತು. 18 ಸಾವಿರದ ಫೋನಿಗೆ 6 ವರ್ಷ ಇದ್ದರೆ ವರ್ಷಕ್ಕೆ 3 ಸಾವಿರ. 70 ಸಾವಿರದ್ದಕ್ಕೆ 7 ವರ್ಷ ಇದ್ದರೆ ವರ್ಷಕ್ಕೆ 10 ಸಾವಿರ. ನಡುವೆ ಒಮ್ಮೆ ಬ್ಯಾಟರಿ ಬದಲಾಯಿಸುವ ಖರ್ಚು ಸೇರಿಸಿದರೂ ಹೆಚ್ಚು ಬಾಳುವ ಮಧ್ಯಮ ಬೆಲೆಯ ಫೋನೇ ಗೆಲ್ಲುತ್ತದೆ. ಬಡವರ ಫೋನ್ ಎಂದು ಮಾರುವ ಫೋನು ವರ್ಷದ ಲೆಕ್ಕದಲ್ಲಿ ಬಡವರಿಗೇ ದುಬಾರಿ. ಇದು ನನ್ನನ್ನು ತುಂಬ ಕಾಡುವ ಸಂಗತಿ, ಏಕೆಂದರೆ ಒಟ್ಟಿಗೆ 18 ಸಾವಿರ ಹೊಂದಿಸಲಾಗದವರೇ ಎರಡೆರಡು ಬಾರಿ 12 ಸಾವಿರ ಕೊಡುತ್ತಾರೆ.

ಭರವಸೆಯ ವರ್ಷಗಳನ್ನು ಎಣಿಸುವಾಗ ಒಂದು ಎಚ್ಚರ. ಎಣಿಕೆ ಸಾಮಾನ್ಯವಾಗಿ ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ, ನೀವು ಕೊಂಡ ದಿನದಿಂದ ಅಲ್ಲ. ದಸರಾ, ದೀಪಾವಳಿ ಮಾರಾಟದಲ್ಲಿ ಅರ್ಧ ಬೆಲೆಗೆ ಸಿಗುವ ಮಾಡೆಲ್ ಎರಡು ವರ್ಷ ಹಳೆಯದಾಗಿದ್ದರೆ ಅದರ ಆಯುಷ್ಯದಲ್ಲೂ ಎರಡು ವರ್ಷ ಕಳೆದಿರುತ್ತದೆ. ಕೈಯಲ್ಲಿರುವ ಫೋನಿನ ಸ್ಥಿತಿ ನೋಡಲು ಸೆಟ್ಟಿಂಗ್ಸ್ ತೆರೆದು ‘ಫೋನ್ ಕುರಿತು’ ಎಂಬಲ್ಲಿಗೆ, ಇಲ್ಲವೇ ಭದ್ರತೆಯ ವಿಭಾಗಕ್ಕೆ ಹೋಗಿ. ಅಲ್ಲಿ ಆಂಡ್ರಾಯ್ಡ್ ಭದ್ರತಾ ಅಪ್‌ಡೇಟಿನ ತಾರೀಕು ಇರುತ್ತದೆ. ಅದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸದು ಲಭ್ಯವಿಲ್ಲ ಎಂದು ತೋರಿಸಿದರೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರವನ್ನು ಕಡಿಮೆ ಮಾಡುವ ಕಾಲ ಬಂದಿದೆ.

ಐಫೋನ್: ಹೊಸದೋ, ಹಳೆಯದೋ

ಆ್ಯಪಲ್‌ಗೆ ತೇಪೆ ಕೈಯಿಂದ ಕೈಗೆ ದಾಟುವ ಈ ಉದ್ದನೆಯ ಸರಪಳಿಯ ತೊಂದರೆ ಇಲ್ಲ. ಚಿಪ್ಪಿನ ವಿನ್ಯಾಸ ಅವರದೇ, ಓಎಸ್ ಅವರದೇ, ಫೋನ್ ಅವರದೇ. 2013ರ ಐಫೋನ್ 5ಎಸ್‌ಗೆ ಹೊಸ ಓಎಸ್ ಬರುವುದು 2018ರ ಐಓಎಸ್ 12ಕ್ಕೆ ನಿಂತರೂ ಭದ್ರತಾ ತೇಪೆ 2023ರ ಜನವರಿಯಲ್ಲೂ ಬಂದಿತ್ತು. 2025ರ ಐಓಎಸ್ 26 ಆರು ವರ್ಷ ಹಿಂದಿನ ಐಫೋನ್ 11ರಲ್ಲೂ ಓಡುತ್ತದೆ. ಹಿನ್ನೆಲೆಯ ಆ್ಯಪ್‌ಗಳನ್ನು ಐಓಎಸ್ ಬಿಗಿಯಾಗಿ ತಡೆಹಿಡಿಯುವುದರಿಂದ 4 ಜಿಬಿ ರ್ಯಾಮ್‌ನ ಐಫೋನ್ 13 ಇವತ್ತಿಗೂ ಸರಾಗ. ಹಾಗೆಂದು ದುಬಾರಿ ಲೋಕದಲ್ಲಿ ತಾರತಮ್ಯ ಇಲ್ಲವೆಂದಲ್ಲ. 2023ರಲ್ಲೇ ಬಂದ ಐಫೋನ್ 15ಕ್ಕೆ ಆ್ಯಪಲ್‌ನ ಎಐ ಸೌಲಭ್ಯಗಳು ದೊರೆಯಲಿಲ್ಲ. 8 ಜಿಬಿ ರ್ಯಾಮ್ ಇದ್ದ 15 ಪ್ರೊಗೆ ಮಾತ್ರ ದೊರೆತವು.

20ರಿಂದ 30 ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳಲೇ ಎಂದು ಬಹಳ ಮಂದಿ ಕೇಳುತ್ತಾರೆ. ಕೊಳ್ಳಬಹುದು, ಮೂರು ಸಂಗತಿ ನೋಡಿ. ಮೊದಲನೆಯದು ಬ್ಯಾಟರಿ. ಬ್ಯಾಟರಿ ಹಳೆಯದಾದ ಐಫೋನುಗಳ ವೇಗವನ್ನು ಓಎಸ್ ತಗ್ಗಿಸುತ್ತದೆ ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಅದರ ನಂತರ ಬ್ಯಾಟರಿಯ ಆರೋಗ್ಯ ತೋರಿಸುವ ಸೌಲಭ್ಯ ಸೆಟ್ಟಿಂಗ್ಸ್‌ಗೆ ಬಂತು. ಅದು ಶೇಕಡಾ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ. ಎರಡನೆಯದು ಸ್ಟೋರೇಜ್. ಐಫೋನಿಗೆ ಮೆಮೊರಿ ಕಾರ್ಡ್ ಹಾಕಲಾಗದು, 64 ಜಿಬಿ ಮಾಡೆಲ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮೂರನೆಯದು, ಹಿಂದಿನ ಯಜಮಾನರ ಆ್ಯಪಲ್ ಖಾತೆ ಪೂರ್ತಿ ತೆಗೆದಿದೆಯೇ ಎಂಬುದು. ನಿಮ್ಮೆದುರೇ ಫೋನ್ ರಿಸೆಟ್ ಮಾಡಿಸಿ, ಹೊಸದಾಗಿ ಆನ್ ಆಗಿ ಹಳೆಯ ಪಾಸ್‌ವರ್ಡ್ ಕೇಳದಿದ್ದರೆ ಮಾತ್ರ ದುಡ್ಡು ಕೊಡಿ.

ಕನ್ನಡದ ವಿಷಯದಲ್ಲಿ ಮಾತ್ರ ಬಹುಕಾಲ ಅಗ್ಗದ ಫೋನೇ ಮುಂದಿತ್ತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರಗಳು ಮೂಡತೊಡಗಿದವು. 2014ರ ಆಂಡ್ರಾಯ್ಡ್ 5ರಲ್ಲಿ ಇಡೀ ಮೆನುವೇ ಕನ್ನಡಕ್ಕೆ ಬಂತು. ಐಫೋನಿನಲ್ಲಿ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಓಎಸ್ 11ರಲ್ಲಿ, ಮೆನು ಕನ್ನಡವಾದದ್ದು 2025ರ ಐಓಎಸ್ 18.4ರಲ್ಲಿ. ಬೆಂಗಳೂರಿನ ಪೀಣ್ಯದಲ್ಲಿ 2017ರಲ್ಲೇ ಐಫೋನ್ ಜೋಡಣೆ ಶುರುವಾಗಿತ್ತು. ಆಮೇಲೆ ಕೋಲಾರದ ನರಸಾಪುರದ ಕಾರ್ಖಾನೆಯಲ್ಲಿ ನಮ್ಮ ಹೆಣ್ಣುಮಕ್ಕಳ ಕೈಯಲ್ಲೇ ಅದು ತಯಾರಾಗುತ್ತಿತ್ತು. ಅಷ್ಟು ವರ್ಷ ಅದರ ಮೆನುವಿನಲ್ಲಿ ಕನ್ನಡ ಇರಲಿಲ್ಲ. ಈಗ ಇದೆ, ಬಳಸಿದರೆ ಉಳಿಯುತ್ತದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಆರಿಸಿಕೊಳ್ಳಿ.

ಜಾಹೀರಾತು, ಎಪಿಕೆ ಮತ್ತು ಇತರ ಕಾಟಗಳು

ಅಗ್ಗದ ಆಂಡ್ರಾಯ್ಡ್ ಫೋನಿನ ಬೆಲೆಯ ಒಂದು ಪಾಲನ್ನು ನಾವು ಕಣ್ಣಿನಿಂದ ತೀರಿಸುತ್ತೇವೆ. ಲಾಕ್ ಸ್ಕ್ರೀನಿನಲ್ಲಿ ಸುದ್ದಿ, ಚಿತ್ರ, ಜಾಹೀರಾತು. ಮೊದಲೇ ತುಂಬಿದ ಆಟಗಳು. ಫೈಲ್ ಅಳಿಸಲು ಹೋದರೂ ಒಂದು ಜಾಹೀರಾತು. ಇವು ಆಂಡ್ರಾಯ್ಡ್‌ನ ಮೂಲ ಗುಣವಲ್ಲ, ಅದರ ಮೇಲೆ ಕಂಪನಿ ಹೊದಿಸಿದ ತನ್ನ ಪದರದ ಗುಣ. ಶಿಯೋಮಿಯ ಹೈಪರ್‌ಓಎಸ್, ರಿಯಲ್‌ಮಿ ಯುಐ, ಸ್ಯಾಮ್ಸಂಗ್‌ನ ಒನ್ ಯುಐ, ಹೀಗೆ ಒಂದೊಂದು ಕಂಪನಿಯದು ಒಂದೊಂದು ಪದರ. ಒಂದೇ ಕಂಪನಿಯ ದುಬಾರಿ ಮಾಡೆಲ್ಲಿನಲ್ಲಿ ಈ ಕಾಟ ಕಡಿಮೆ, ಅಗ್ಗದ್ದರಲ್ಲಿ ಹೆಚ್ಚು. ಲಾವಾ, ಮೊಟೊರೊಲಾ ಕಂಪನಿಗಳು ಮೂಲ ಆಂಡ್ರಾಯ್ಡ್‌ಗೆ ಹತ್ತಿರದ ಸರಳ ರೂಪ ಕೊಡುತ್ತವೆ. ಆದರೆ ಸರಳತೆಯ ಜೊತೆಗೆ ಅಪ್‌ಡೇಟ್ ವರ್ಷಗಳನ್ನೂ ತೂಗಿ ನೋಡಬೇಕು. ಫೋನ್ ಮೊದಲ ಸಲ ಆನ್ ಮಾಡುವಾಗ ಒಂದಾದ ಮೇಲೊಂದು ಒಪ್ಪಿಗೆ ಕೇಳುತ್ತದಲ್ಲ, ಆಗ ಅವಸರದಲ್ಲಿ ಎಲ್ಲದಕ್ಕೂ ಸರಿ ಎನ್ನಬೇಡಿ. ಶಿಫಾರಸು, ವೈಯಕ್ತಿಕ ಜಾಹೀರಾತು, ಲಾಕ್ ಸ್ಕ್ರೀನ್ ಸುದ್ದಿ ಇವಕ್ಕೆ ಅಲ್ಲೇ ಬೇಡ ಎನ್ನಬಹುದು.

ಇದಕ್ಕಿಂತ ಗಂಭೀರವಾದದ್ದು ಎಪಿಕೆ ಮೋಸ. ಮದುವೆಯ ಆಮಂತ್ರಣ, ಟ್ರಾಫಿಕ್ ದಂಡದ ಚಲಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಒಂದು ಫೈಲ್ ಬರುತ್ತದೆ, ಅದರ ಹೆಸರಿನ ಕೊನೆಗೆ ಎಪಿಕೆ ಎಂದಿರುತ್ತದೆ. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿಕೊಂಡರೆ ನಮ್ಮ ಮೆಸೇಜು, ಒಟಿಪಿ ಎಲ್ಲವೂ ಕಳ್ಳನ ಪಾಲು. ಈ ಫೈಲು ಐಫೋನಿನಲ್ಲಿ ತೆರೆಯುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ, ಅದು 8 ಸಾವಿರದ್ದಿರಲಿ 80 ಸಾವಿರದ್ದಿರಲಿ, ಒಪ್ಪಿಗೆ ಕೊಟ್ಟರೆ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಿ’ ಎಂಬುದನ್ನು ಹುಡುಕಿ ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್ ಈ ಮೂರಕ್ಕೂ ಅನುಮತಿ ಇಲ್ಲದಂತೆ ಮಾಡಿ. ಅಪ್ಪ ಅಮ್ಮನ ಫೋನಿನಲ್ಲಿ ಇದನ್ನು ಇವತ್ತೇ ಮಾಡಿಕೊಡಿ.

ಸಿನಿಮಾ ನೋಡುವವರಿಗೊಂದು ಮಾತು. ಪರದೆ ಫುಲ್ ಎಚ್‌ಡಿ ಇದ್ದರೂ ಫೋನಿಗೆ ವೈಡ್‌ವೈನ್ ಎಲ್1 ಎಂಬ ಮಾನ್ಯತೆ ಇಲ್ಲದಿದ್ದರೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಮಂಕು ಚಿತ್ರವನ್ನೇ ತೋರಿಸುತ್ತವೆ. ತೀರ ಅಗ್ಗದ ಕೆಲವು ಮಾಡೆಲ್ಲುಗಳಲ್ಲಿ ಇರುವುದು ಅದಕ್ಕಿಂತ ಕೆಳಮಟ್ಟದ ಎಲ್3.

ಇರುವ ಅಗ್ಗದ ಫೋನನ್ನು ಸುಧಾರಿಸಿಕೊಳ್ಳುವುದು

ಹೊಸದು ಕೊಳ್ಳುವ ಮೊದಲು ಇದ್ದದ್ದಕ್ಕೆ ಒಂದು ಅವಕಾಶ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರ, ವಿಡಿಯೋ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಒಟ್ಟು ಸ್ಟೋರೇಜಿನ ಐದರಲ್ಲಿ ಒಂದು ಪಾಲು ಯಾವಾಗಲೂ ಖಾಲಿ ಇರಲಿ. ಬಳಸದ ಆ್ಯಪ್ ತೆಗೆಯಿರಿ, ತೆಗೆಯಲು ಬಾರದ್ದನ್ನು ನಿಷ್ಕ್ರಿಯಗೊಳಿಸಿ. ಪ್ಲೇ ಸ್ಟೋರಿನ ಅಪ್‌ಡೇಟ್‌ಗಳು ವೈಫೈ ಸಿಕ್ಕಾಗ, ರಾತ್ರಿ ಚಾರ್ಜಿಗೆ ಹಾಕಿದಾಗ ನಡೆಯಲಿ. ‘ಫೋನ್ ಕುರಿತು’ ವಿಭಾಗದಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಅನಿಮೇಷನ್‌ಗೆ ಸಂಬಂಧಿಸಿದ ಮೂರು ಸಾಲುಗಳಿವೆ, ಮೂರನ್ನೂ 0.5ಕ್ಕೆ ಇಳಿಸಿ. ಪ್ರೊಸೆಸರ್ ಬದಲಾಗುವುದಿಲ್ಲ, ಆದರೆ ಪರದೆಯಿಂದ ಪರದೆಗೆ ಹೋಗುವ ಕಾಯುವಿಕೆ ಅರ್ಧವಾಗುತ್ತದೆ. ಅಲ್ಲಿರುವ ಬೇರೆ ಯಾವುದನ್ನೂ ಮುಟ್ಟಬೇಡಿ. ‘ಕ್ಲೀನರ್’, ‘ಬೂಸ್ಟರ್’ ಎಂಬ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ, ಅವೇ ರ್ಯಾಮ್ ತಿನ್ನುತ್ತವೆ.

ಆಟೊ, ಟ್ಯಾಕ್ಸಿ, ಡೆಲಿವರಿ ಕೆಲಸದವರದು ಬೇರೆಯೇ ತೊಂದರೆ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಓಎಸ್ ಅವರ ದುಡಿಮೆಯ ಆ್ಯಪನ್ನೇ ಹಿನ್ನೆಲೆಯಲ್ಲಿ ಕೊಂದುಬಿಡುತ್ತದೆ, ಆರ್ಡರ್ ಬಂದದ್ದೇ ಗೊತ್ತಾಗುವುದಿಲ್ಲ. ಆ ಆ್ಯಪಿನ ಮಾಹಿತಿ ತೆರೆದು ಬ್ಯಾಟರಿ ವಿಭಾಗದಲ್ಲಿ ‘ನಿರ್ಬಂಧವಿಲ್ಲ’ ಎಂದು ಮಾಡಿ, ಆಟೊಸ್ಟಾರ್ಟ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಇವರು ಹೊಸ ಫೋನ್ ಕೊಳ್ಳುವುದಾದರೆ 6 ಜಿಬಿ ನಿಜವಾದ ರ್ಯಾಮ್‌ಗಿಂತ ಕೆಳಗೆ ಇಳಿಯಬಾರದು. ದಿನವಿಡೀ ಮ್ಯಾಪ್, ಕರೆ, ಪಾವತಿ ಒಟ್ಟೊಟ್ಟಿಗೆ ನಡೆಯಬೇಕಲ್ಲ.

ವಯಸ್ಸಾದವರಿಗೆ ಕೊಡಿಸುವಾಗ ನನ್ನ ಸಲಹೆ ಇಷ್ಟೇ: ಮನೆಯಲ್ಲಿ ಅವರ ಫೋನನ್ನು ಯಾರು ಸರಿಮಾಡಿಕೊಡುತ್ತಾರೋ ಅವರ ಬಳಿ ಇರುವ ಓಎಸ್ಸನ್ನೇ, ಸಾಧ್ಯವಾದರೆ ಅದೇ ಕಂಪನಿಯದನ್ನೇ ಕೊಡಿಸಿ. ದೂರದಿಂದ ಫೋನಿನಲ್ಲಿ ‘ಮೇಲಿನ ಎಡಮೂಲೆ ಒತ್ತಮ್ಮ’ ಎಂದು ಹೇಳಲು ಮಗಳ ಮುಂದೆಯೂ ಅದೇ ಪರದೆ ಇರಬೇಕು. ಹಣ ಕಳಿಸುವುದಷ್ಟೇ ಬೇಕು, ಸ್ಮಾರ್ಟ್‌ಫೋನಿನ ಗೊಡವೆ ಬೇಡ ಎನ್ನುವ ಹಿರಿಯರಿಗೆ 2022ರಲ್ಲಿ ಶುರುವಾದ ಯುಪಿಐ 123ಪೇ ಇದೆ. ಬಟನ್ ಫೋನಿನಿಂದ ಕರೆ ಮಾಡಿ ಪಾವತಿಸಬಹುದು.

70 ಸಾವಿರ ಮೇಲ್ಪಟ್ಟ ಫೋನ್ ಯಾರಿಗೆ? ಫೋಟೋ, ವಿಡಿಯೋ ವೃತ್ತಿಯಾಗಿರುವವರಿಗೆ, ದಿನಕ್ಕೆ ಗಂಟೆಗಟ್ಟಲೆ ಫೋನಿನಲ್ಲೇ ಕಚೇರಿ ಕೆಲಸ ಮಾಡುವವರಿಗೆ, ಏಳು ವರ್ಷ ಇಟ್ಟುಕೊಳ್ಳುವ ಮನಸ್ಸು ನಿಜಕ್ಕೂ ಇರುವವರಿಗೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ಅಭ್ಯಾಸದವರು 7 ವರ್ಷದ ಭರವಸೆಗೆ ದುಡ್ಡು ಕೊಟ್ಟು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ.

ಹೊಸ ಫೋನ್ ಬಂದ ಮೇಲೆ ಹಳೆಯದನ್ನು ಮಕ್ಕಳಿಗೋ, ಎಕ್ಸ್‌ಚೇಂಜಿಗೋ ಕೊಡುತ್ತೇವೆ. ಅದಕ್ಕೆ ಮೊದಲು ಬ್ಯಾಂಕ್, ಯುಪಿಐ ಆ್ಯಪ್‌ಗಳಿಂದ ಲಾಗ್ ಔಟ್ ಆಗಿ, ವಾಟ್ಸ್ಆ್ಯಪ್ ಬ್ಯಾಕಪ್ ತೆಗೆದುಕೊಂಡು, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯನ್ನು ತೆಗೆದುಹಾಕಿ. ಫ್ಯಾಕ್ಟರಿ ರಿಸೆಟ್ ಮಾಡುವುದು ಆಮೇಲೆ. ಖಾತೆ ಹಾಗೇ ಬಿಟ್ಟು ಫೋನಿನ ಬಟನ್‌ಗಳನ್ನು ಒತ್ತಿ ರಿಸೆಟ್ ಮಾಡಿದರೆ ಕಳ್ಳತನ ತಡೆಯುವ ಬೀಗ ಬಿದ್ದು, ಅದನ್ನು ಪಡೆದವರಿಗೆ ನಿಮ್ಮ ಪಾಸ್‌ವರ್ಡ್ ಇಲ್ಲದೆ ಫೋನ್ ತೆರೆಯುವುದಿಲ್ಲ.